ಎಂಜಿಬಿ ಕಾರಿನ ಆಯಿಲ್ ಪಂಪ್

ಎಂಜಿಬಿ ಕಾರಿನ ಆಯಿಲ್ ಪಂಪ್ ಎಂಬುದು ಆ ಕಾರಿನ ಎಂಜಿನ್ನಿನ ಬೇರಿಂಗುಗಳಿಗೆ ಒತ್ತಡದಲ್ಲಿ ತೈಲವನ್ನು ಪೂರೈಸುವ ಸಾಧನ. ಎಂಜಿಬಿಯು ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಸ್ಪೋರ್ಟ್ಸ್ ಕಾರು. ಇದರ 1798 ಸಿಸಿ ಎಂಜಿನ್ ಬಿಎಂಸಿ ಸಂಸ್ಥೆಯ ಬಿ-ಸರಣಿಗೆ ಸೇರಿದೆ. ಭಾರತದ ಅಂಬಾಸಿಡರ್ ಕಾರಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ 1489 ಸಿಸಿ ಪೆಟ್ರೋಲ್ ಎಂಜಿನ್ ಸಹ ಇದೇ ಸರಣಿಯದು. ಆದರೆ ಕೆಳಗಿನ ಅಳತೆಗಳು ಎಂಜಿಬಿಗೆ ಮಾತ್ರ ಅನ್ವಯಿಸುತ್ತವೆ.

ರಚನೆ

ಪಂಪು ಸಂಪ್‌ನೊಳಗೆ, ಕ್ರ್ಯಾಂಕ್‌ಕೇಸಿನ ತಳಕ್ಕೆ ಮೂರು ಸ್ಟಡ್‌ಗಳಿಂದ ಜೋಡಣೆಗೊಂಡಿದ್ದು, ಕ್ಯಾಮ್‌ಶಾಫ್ಟಿನಿಂದ ಚಾಲನೆ ಪಡೆಯುತ್ತದೆ. ಒಳರೋಟರಿನಲ್ಲಿ ಹೊರರೋಟರಿಗಿಂತ ಒಂದು ಹಲ್ಲು ಕಡಿಮೆಯಿರುತ್ತದೆ. ಎರಡೂ ತಿರುಗುವಾಗ ನಡುವಿನ ಅವಕಾಶವು ಒಂದು ಬದಿಯಲ್ಲಿ ಹಿಗ್ಗಿ ತೈಲವನ್ನು ಹೀರಿಕೊಳ್ಳುತ್ತದೆ, ಇನ್ನೊಂದು ಬದಿಯಲ್ಲಿ ಕುಗ್ಗಿ ಹೊರದೂಡುತ್ತದೆ.

ಒತ್ತಡ ಕುಸಿತ

ಬಿಸಿಯಾದ ಎಂಜಿನ್ನಿನಲ್ಲಿ ಚಾಲನೆಯ ವೇಳೆ ಚದರ ಅಂಗುಲಕ್ಕೆ 50ರಿಂದ 80 ಪೌಂಡ್, ನಿಷ್ಕ್ರಿಯ ವೇಗದಲ್ಲಿ 10ರಿಂದ 25 ಪೌಂಡ್ ಒತ್ತಡವಿರಬೇಕು. ತಣ್ಣಗಿರುವಾಗ ತೈಲ ಮಂದವಾಗಿರುವುದರಿಂದ ಮುಳ್ಳು ಮೇಲಿದ್ದರೂ ಅದು ನಂಬಲರ್ಹವಲ್ಲ. ಒತ್ತಡ ಕುಸಿದೊಡನೆ ಪಂಪನ್ನೇ ದೂಷಿಸುವುದು ಸಾಮಾನ್ಯವಾದ ತಪ್ಪು. ಸವೆದ ಬೇರಿಂಗುಗಳ ಸಂದಿನಿಂದ ತೈಲ ಸೋರಿಹೋದರೆ ಹೊಸ ಪಂಪು ಕೂಡ ಒತ್ತಡವನ್ನು ಕಾಯ್ದುಕೊಳ್ಳಲಾರದು. ಆದುದರಿಂದ ಮೊದಲು ಬೇರೊಂದು ನಿಖರವಾದ ಮಾಪಕವನ್ನು ಜೋಡಿಸಿ ನೋಡಬೇಕು. ಅನಂತರ ಹೊರಗಿನಿಂದಲೇ ಬಿಚ್ಚಬಹುದಾದ ರಿಲೀಫ್ ಕವಾಟವನ್ನು ಪರಿಶೀಲಿಸಬೇಕು. ಕವಾಟದ ಪೀಠದಲ್ಲಿ ಕೊಳೆ ಸಿಲುಕಿದರೆ ತೈಲವು ಸಂಪ್‌ಗೆ ಹಿಂದಿರುಗುತ್ತದೆ. ಅದರ ಸ್ಪ್ರಿಂಗಿನ ಸಹಜ ಉದ್ದ 3 ಅಂಗುಲ, ಕುಗ್ಗಿದ್ದರೆ ಬದಲಿಸಬೇಕು.

ಅಳತೆ ಮತ್ತು ದುರಸ್ತಿ

ಸಂಪ್ ಇಳಿಸಿ ಪಂಪನ್ನು ಹೊರತೆಗೆದು, ಶುಚಿಗೊಳಿಸಿ, ಫೀಲರ್ ಗೇಜಿನಿಂದ ಅಳೆಯಲಾಗುತ್ತದೆ. ರೋಟರುಗಳ ಹಲ್ಲುಗಳ ನಡುವಿನ ಸಂದು 0.006 ಅಂಗುಲ (0.152 ಮಿ.ಮೀ.) ಮೀರಿದರೆ ರೋಟರುಗಳನ್ನು ಬದಲಿಸಬೇಕು. ಹೊರರೋಟರ್ ಮತ್ತು ಪಂಪಿನ ಒಡಲಿನ ನಡುವಿನ ಮಿತಿ 0.010 ಅಂಗುಲ (0.254 ಮಿ.ಮೀ.). ನೇರಪಟ್ಟಿಯನ್ನು ಒಡಲಿನ ಮುಖದ ಮೇಲಿಟ್ಟಾಗ ರೋಟರುಗಳ ಮೇಲಣ ಸಂದು 0.005 ಅಂಗುಲಕ್ಕಿಂತ (0.127 ಮಿ.ಮೀ.) ಹೆಚ್ಚಿರಬಾರದು. ಈ ಕೊನೆಯ ದೋಷವೊಂದನ್ನು ಮಾತ್ರ ಬಿಡಿಭಾಗ ಕೊಳ್ಳದೆ ಸರಿಪಡಿಸಬಹುದು: ಮುಚ್ಚಳವನ್ನು ನೆಲೆಗೊಳಿಸುವ ಎರಡು ಡೋವೆಲ್ ಪಿನ್ನುಗಳನ್ನು ತೆಗೆದು, ಒಡಲಿನ ಮುಖವನ್ನು ಸಮತಟ್ಟಾದ ಫಲಕದ ಮೇಲೆ ಅರೆಯುವ ಲೇಪ ಹಚ್ಚಿ ಉಜ್ಜಿದರೆ ಸಂದು ಕಿರಿದಾಗುತ್ತದೆ. ಲೇಪದ ಕಣವೊಂದು ಉಳಿದರೂ ಬೇರಿಂಗುಗಳಿಗೆ ಅಪಾಯವಾದ್ದರಿಂದ ಬಳಿಕ ಚೆನ್ನಾಗಿ ತೊಳೆಯುವುದು ಅನಿವಾರ್ಯ.

ಹೊರರೋಟರಿನ ಅಂಚು ತಾಸಿದ ತುದಿಯು ಒಡಲಿನ ಚಾಲನಾ ಬದಿಗೆ ಬರುವಂತೆ ಕೂರಿಸಬೇಕು. ಹೊಸ ಗ್ಯಾಸ್ಕೆಟಿನ ರಂಧ್ರಗಳು ತೈಲದ ದಾರಿಗಳಿಗೆ ಹೊಂದುತ್ತವೆಯೇ ಎಂದೂ ನೋಡಿಕೊಳ್ಳಬೇಕು. ಹೀರುನಳಿಕೆಯ ಜೋಡಣೆ ಸಡಿಲವಿದ್ದರೆ ಪಂಪು ಗಾಳಿಯನ್ನೆಳೆದು ಮಾಪಕದ ಮುಳ್ಳು ಅದುರುತ್ತದೆ.

ಪರೀಕ್ಷೆ

ಒಣಗಿದ ಪಂಪು ತೈಲವನ್ನು ಎತ್ತಲಾರದೆ ಹೋಗಬಹುದು; ಆಗ ಬೇರಿಂಗುಗಳು ಬಹುಬೇಗ ಹಾಳಾಗುತ್ತವೆ. ಆದಕಾರಣ ಜೋಡಣೆಗೆ ಮುನ್ನ ಪಂಪಿನೊಳಗೆ ತೈಲ ತುಂಬಿ ಕೈಯಿಂದ ತಿರುಗಿಸಬೇಕು. ಸಂಪ್ ಕೂರಿಸಿ ತೈಲ ಹಾಕಿದ ಮೇಲೆ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಇಗ್ನಿಷನ್ ಸಂಪರ್ಕ ತಪ್ಪಿಸಿ, ಮಾಪಕದಲ್ಲಿ ಒತ್ತಡ ಕಾಣುವವರೆಗೆ ಎಂಜಿನ್ನನ್ನು ಸ್ಟಾರ್ಟರಿನಿಂದ ಬಿಟ್ಟುಬಿಟ್ಟು ತಿರುಗಿಸಬೇಕು. ಮುಳ್ಳು ಏಳದಿದ್ದರೆ, ಬ್ಲಾಕಿನಿಂದ ಫಿಲ್ಟರಿನತ್ತ ಸಾಗುವ ಹೊರನಳಿಕೆಯನ್ನು ಸಡಿಲಿಸಿ ತೈಲ ಬರುತ್ತಿದೆಯೇ ಎಂದು ಪರೀಕ್ಷಿಸಬಹುದು. ಅಲ್ಲಿ ತೈಲ ಹರಿಯದಿದ್ದರೆ ಸಂಪ್ ಮತ್ತೆ ಇಳಿಸಬೇಕಾಗುತ್ತದೆ.