ಮರಿಯ ಗೂಡು, ನಮ್ಮ ಪಂಜರ

ನಮ್ಮ ಬಾಡಿಗೆ ಮನೆಗೆ ಬಂದ ನಾಯಿಮರಿ ಮೊದಲ ರಾತ್ರಿಯೇ ಕ್ರೇಟ್‌ನೊಳಗೆ ಉಚ್ಚೆ ಹೊಯ್ದು ಅದರಲ್ಲೇ ಮಲಗಿತ್ತು. ನಾಲ್ಕನೇ ದಿನಕ್ಕೆ ನನ್ನ ತಾಳ್ಮೆ ಮುಗಿಯಿತು. ‘ಮೂತಿಯನ್ನು ಅದಕ್ಕೇ ಒರೆಸಿ, ಬುದ್ಧಿ ಬರುತ್ತೆ’ ಎಂದರು ಪಕ್ಕದ ಮನೆಯವರು. ಶಿಕ್ಷೆಯಿಂದ ನಾಯಿಗೆ ಕಲಿಸಬಹುದೆಂಬ ಈ ನಂಬಿಕೆ ಹಳೆಯದು.

ಜರ್ಮನಿಯ ಪೊಲೀಸ್ ಅಧಿಕಾರಿ ಕಾನ್ರಾಡ್ ಮೋಸ್ಟ್ 1910ರಲ್ಲಿ ನಾಯಿ ತರಬೇತಿಯ ಕೈಪಿಡಿಯೊಂದನ್ನು ಪ್ರಕಟಿಸಿದ. ಅವನ ವಿಧಾನದಲ್ಲಿ ಬಲವಂತಕ್ಕೆ ದೊಡ್ಡ ಪಾಲಿತ್ತು. ಆದರೆ ನಾಯಿಗೆ ನಮ್ಮ ನೀತಿ ಅನೀತಿ ತಿಳಿಯದು, ತಾನು ಮಾಡಿದ್ದಕ್ಕೂ ಆ ಕ್ಷಣವೇ ಸಿಕ್ಕ ಫಲಕ್ಕೂ ಇರುವ ನಂಟಿನಿಂದಷ್ಟೇ ಅದು ಕಲಿಯುತ್ತದೆ ಎಂಬುದನ್ನು ಅವನೂ ಬಲ್ಲ. ಆ ಲೆಕ್ಕದಲ್ಲಿ, ಬೆಳಿಗ್ಗೆ ಎದ್ದು ರಾತ್ರಿಯ ಉಚ್ಚೆಗೆ ಹೊಡೆದರೆ ಮರಿ ಕಲಿಯುವುದು ನಮ್ಮ ಕೈಗೆ ಹೆದರುವುದನ್ನು ಮಾತ್ರ.

ಬೇರೆ ದಾರಿ ತೋರಿಸಿದ್ದು ಅಮೆರಿಕದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯ. ಅಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಐದು ತಳಿಯ ಮರಿಗಳನ್ನು ಹುಟ್ಟಿನಿಂದ ಗಮನಿಸಿ, 1965ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಹುಟ್ಟಿದ ಮರಿ ತಾಯಿ ನೆಕ್ಕಿದರಷ್ಟೇ ಮಲಮೂತ್ರ ಮಾಡುತ್ತದೆ. ಅದನ್ನು ತಿಂದು ತಾಯಿಯೇ ಗೂಡನ್ನು ಶುಚಿಯಾಗಿಡುತ್ತಾಳೆ. ಮೂರು ವಾರದ ಹೊತ್ತಿಗೆ ಮರಿ ತಾನೇ ಗೂಡಿನಾಚೆ ಹೋಗತೊಡಗುತ್ತದೆ. ಎಂಟೂವರೆ ವಾರದ ಸುಮಾರಿಗೆ ಅದಕ್ಕೆಂದೇ ಒಂದು ಜಾಗ ಗೊತ್ತುಮಾಡಿಕೊಳ್ಳುತ್ತದೆ.

ಕ್ರೇಟ್ ತರಬೇತಿ ನಿಂತಿರುವುದು ಈ ಗೂಡಿನ ಅಭ್ಯಾಸದ ಮೇಲೆ. ಮಲಗುವ ಜಾಗವನ್ನು ಮರಿ ಕೊಳೆ ಮಾಡುವುದಿಲ್ಲ ಎಂಬುದೇ ಅದರ ಆಧಾರ. ಆದರೆ ಆ ವಾರಗಳನ್ನೆಲ್ಲ ಮಾರಾಟಗಾರರ ತಂತಿಪಂಜರದಲ್ಲೇ ಕಳೆದ ಮರಿಗೆ ಗೂಡಿನಾಚೆ ಎಂಬುದೇ ಇರಲಿಲ್ಲ. ಉಣ್ಣುವುದು, ಮಲಗುವುದು, ಹೇಲುವುದು ಎಲ್ಲ ಒಂದೇ ಕಡೆ. ಅಂಥ ಮರಿಯನ್ನು ಮತ್ತೆ ಕ್ರೇಟ್‌ಗೆ ಹಾಕಿ ಬೀಗವಿಕ್ಕಿದರೆ ಹಳೆಯ ಪಾಠವನ್ನೇ ಗಟ್ಟಿಮಾಡಿದಂತೆ. ನಮ್ಮ ಮರಿಯೂ ಬಂದದ್ದು ಅಂಥದೇ ಪಂಜರದಿಂದ.

ವೈದ್ಯರು ಮೊದಲು ಮೂತ್ರದ ಸೋಂಕಿಲ್ಲವೆಂದು ಖಚಿತಪಡಿಸಿದರು. ಆಮೇಲೆ ನಾವು ಕ್ರೇಟ್‌ನ ಬಾಗಿಲು ಮುಚ್ಚುವುದನ್ನು ಬಿಟ್ಟೆವು. ವಾಸನೆ ಉಳಿಯದಂತೆ ತೊಳೆದು ಹಾಸಿಗೆ ಬದಲಿಸಿದೆವು. ಎದ್ದ ಕೂಡಲೇ, ಉಂಡ ಮೇಲೆ, ಆಟ ಮುಗಿದಾಗ, ನಡುರಾತ್ರಿ ಒಮ್ಮೆ, ಹಿತ್ತಲಿನ ಅದೇ ಮೂಲೆಗೆ ಕರೆದೊಯ್ದು, ಅಲ್ಲಿ ಮುಗಿಸಿದ ಕ್ಷಣವೇ ತಿನಿಸು ಕೊಟ್ಟೆವು. ಒಳಗೆ ಹೊಯ್ದರೆ ಮಾತಿಲ್ಲದೆ ಒರೆಸಿದೆವು.

ಎಂಟು ವಾರದೊಳಗೆ ಕಲಿಯಬೇಕಿದ್ದನ್ನು ಅದು ಆರನೇ ತಿಂಗಳಲ್ಲಿ ಕಲಿಯಿತು. ಈಗಲೂ ಮಳೆ ಜೋರಾದ ರಾತ್ರಿ ಒಮ್ಮೊಮ್ಮೆ ಹಾಸಿಗೆ ಒದ್ದೆಯಾಗುತ್ತದೆ. ಬಟ್ಟೆ, ಬಕೆಟ್ಟು ಬಾಗಿಲ ಬಳಿಯೇ ಇವೆ.