ಸಾಲಿಡ್ ಸ್ಟೇಟ್ ಡ್ರೈವ್‌ಗಳ ಜೋಡಣೆ: ಒಂದು ಚಾರಿತ್ರಿಕ ವಿವೇಚನೆ

ಎರಡು ಅಥವಾ ಹೆಚ್ಚು ಸಾಲಿಡ್ ಸ್ಟೇಟ್ ಡ್ರೈವ್‌ಗಳನ್ನು (ಎಸ್‌ಎಸ್‌ಡಿ) ಒಂದೇ ಸಾಧನವೆಂಬಂತೆ ಜೋಡಿಸಿ ಗಣಕಯಂತ್ರದ ಸಂಗ್ರಹವೇಗವನ್ನು ಹೆಚ್ಚಿಸಿಕೊಳ್ಳುವ ಕ್ರಮವು ಇಂದು ಪ್ರಯೋಗಾಲಯಗಳಲ್ಲಿಯೂ ಮನೆಗಳಲ್ಲಿಯೂ ರೂಢಿಯಲ್ಲಿದೆ. ಇದನ್ನು ಇತ್ತೀಚಿನ ಉಪಾಯವೆಂದು ಭಾವಿಸುವವರುಂಟು. ವಸ್ತುತಃ ಇದರ ಮೂಲತತ್ತ್ವವು ತಿರುಗುವ ಕಾಂತತಟ್ಟೆಗಳ ಕಾಲದ್ದು. ಆ ತತ್ತ್ವವು ರೂಪುಗೊಂಡಾಗ ವೇಗದ ಆಸೆಯೊಡನೆ ಇನ್ನೊಂದು ಚಿಂತೆಯೂ ಅದಕ್ಕೆ ಅಂಟಿಕೊಂಡಿತ್ತು. ಆ ಚಿಂತೆ ಯಾವುದು, ಎಸ್‌ಎಸ್‌ಡಿಯ ಕಾಲದಲ್ಲಿ ಅದರ ಗತಿ ಏನಾಯಿತು ಎಂಬುದನ್ನು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

1956ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ 305 ರಾಮಾಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದುವು. ಅವು ಒಟ್ಟಿನಲ್ಲಿ 50 ಲಕ್ಷ ಅಕ್ಷರಗಳನ್ನು ಹಿಡಿಯುತ್ತಿದ್ದುವು. ಅನಂತರದ ಮೂರು ದಶಕಗಳಲ್ಲಿ ಲೆಕ್ಕ ಮಾಡುವ ಭಾಗದ ವೇಗವು ಬಹುಪಾಲು ಬೆಳೆಯಿತು. ತಟ್ಟೆಯಾದರೋ ತಿರುಗಬೇಕು, ಓದುವ ತೋಳು ಚಲಿಸಬೇಕು; ಈ ಯಾಂತ್ರಿಕ ಚಲನೆಯ ವಿಳಂಬವನ್ನು ಅಷ್ಟು ಸುಲಭವಾಗಿ ನೀಗುವಂತಿರಲಿಲ್ಲ. 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಎಂಬ ವಿದ್ವಾಂಸರು ಒಂದು ಪ್ರಬಂಧದಲ್ಲಿ ಪರಿಹಾರವನ್ನು ಸೂಚಿಸಿದರು. ದೊಡ್ಡದೊಂದು ದುಬಾರಿ ಸಾಧನಕ್ಕೆ ಬದಲಾಗಿ ಅಗ್ಗದ ಹಲವು ಸಣ್ಣ ಸಾಧನಗಳನ್ನಿಟ್ಟು, ಮಾಹಿತಿಯನ್ನು ತುಂಡುಗಳಾಗಿ ಸೀಳಿ ಎಲ್ಲಕ್ಕೂ ಹಂಚಿದರೆ ಅವು ಏಕಕಾಲದಲ್ಲಿ ದುಡಿಯುತ್ತವೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ಹೊರೆ ಎಂಬ ನಮ್ಮ ಗಾದೆಯ ತತ್ತ್ವವೇ ಇದು. ಇಂತಹ 75 ಸಣ್ಣ ಸಾಧನಗಳು ಅಂದಿನ ಐಬಿಎಂ 3380ರಷ್ಟೇ ಮಾಹಿತಿಯನ್ನು ಹಿಡಿದು, ಅದರ 12 ಪಟ್ಟು ವೇಗದಲ್ಲಿ ಒದಗಿಸಬಲ್ಲವೆಂದು ಅವರು ಲೆಕ್ಕ ಹಾಕಿದರು.

ಆದರೆ ಆ ಪ್ರಬಂಧವು ಇಷ್ಟಕ್ಕೇ ನಿಲ್ಲಲಿಲ್ಲ. ಒಂದು ಸಾಧನವು ಸರಾಸರಿ 30,000 ಗಂಟೆ ಕೆಡದೆ ನಡೆದರೆ, ನೂರು ಸಾಧನಗಳ ಗುಂಪಿನಲ್ಲಿ ಯಾವುದಾದರೊಂದು 300 ಗಂಟೆಗಳಲ್ಲಿಯೇ, ಅಂದರೆ ಎರಡು ವಾರ ತುಂಬುವ ಮೊದಲೇ, ಕೆಡುವುದೆಂದು ನಿರೀಕ್ಷಿಸಬೇಕು. ಸೀಳಿ ಹಂಚಿದ ಮಾಹಿತಿಯಲ್ಲಿ ಒಂದು ಪಾಲು ಹೋದರೆ ಇಡಿಯೇ ನಿರುಪಯುಕ್ತ. ಆದ್ದರಿಂದ ನಕಲುಪ್ರತಿಯನ್ನಾಗಲಿ, ಕಳೆದ ಪಾಲನ್ನು ಮತ್ತೆ ಲೆಕ್ಕ ಹಾಕಿ ಪಡೆಯಲು ನೆರವಾಗುವ ಹೆಚ್ಚುವರಿ ಮಾಹಿತಿಯನ್ನಾಗಲಿ ಇಡುವ ಐದು ಕ್ರಮಗಳನ್ನು ಅವರು ವಿಂಗಡಿಸಿದರು. ‘ರೇಡ್’ ಎಂಬ ಹೆಸರಿನ ಮೊದಲಕ್ಷರವೇ ಈ ಹೆಚ್ಚುವರಿ ಆಸರೆಯನ್ನು ಸೂಚಿಸುತ್ತದೆ. ಆಸರೆಯನ್ನೇ ಬಿಟ್ಟು ಬರಿಯ ವೇಗಕ್ಕಾಗಿ ಸೀಳಿ ಹಂಚುವ ಕ್ರಮಕ್ಕೆ ‘ರೇಡ್ ಸೊನ್ನೆ’ ಎಂಬ ಹೆಸರು ತರುವಾಯ ಬಂದಿತು. ಆ ಸೊನ್ನೆಯು ಅರ್ಥವತ್ತಾದುದೆಂದು ನಮ್ಮ ಭಾವನೆ.

ಇತ್ತ ಜಪಾನಿನ ತೋಷಿಬಾ ಸಂಸ್ಥೆಯಲ್ಲಿ ಫುಜಿಯೊ ಮಸುಒಕ ಮತ್ತು ಅವರ ಸಂಗಡಿಗರು ನ್ಯಾಂಡ್ ಫ್ಲ್ಯಾಷ್ ಸ್ಮೃತಿಯನ್ನು 1987ರಲ್ಲಿ ಪ್ರಕಟಪಡಿಸಿದ್ದರು. ಇದರಲ್ಲಿ ತಿರುಗುವ ತಟ್ಟೆಯಿಲ್ಲ, ಚಲಿಸುವ ತೋಳಿಲ್ಲ. ಆದರೂ ಒಂಟಿ ಚಿಪ್ಪಿನ ವೇಗವು ಪರಿಮಿತವಾದುದು. ಅದನ್ನು ಮೀರಲು ತಯಾರಕರು ಹಳೆಯ ಜೋಡಣೆಯ ತತ್ತ್ವವನ್ನೇ ಡ್ರೈವ್‌ನ ಒಳಗಡೆ ಅಳವಡಿಸಿದರು: 2008ರ ಇಂಟೆಲ್ ಎಕ್ಸ್25-ಎಂ ಡ್ರೈವ್‌ನಲ್ಲಿ ಮಾಹಿತಿಯು 10 ಸಮಾಂತರ ಮಾರ್ಗಗಳಲ್ಲಿ ಹರಿಯುತ್ತಿತ್ತು. ಹೀಗೆ ಒಂಟಿ ಎಸ್‌ಎಸ್‌ಡಿಯೂ ಒಳಗೊಂದು ಗುಂಪೇ ಆಗಿದೆ. 2009ರಲ್ಲಿ ಬಂದ ಸಾಟಾ 3.0 ಸಂಪರ್ಕದ ಮಿತಿಯು ಸೆಕೆಂಡಿಗೆ ಸುಮಾರು 600 ಮೆಗಾಬೈಟ್. ಡ್ರೈವ್‌ಗಳು ಬೇಗನೆ ಆ ಮಿತಿಯನ್ನು ಮುಟ್ಟಿದುದರಿಂದ, ಎರಡನ್ನು ಜೋಡಿಸಿ ವೇಗವನ್ನು ಇಮ್ಮಡಿಗೊಳಿಸುವ ರೂಢಿಯು ಹಬ್ಬಿತು. ಇನ್ನೂ ಅಗಲವಾದ ದಾರಿಯನ್ನು ಬಳಸುವ ಎನ್‌ವಿಎಂಇ ಪದ್ಧತಿಯು 2011ರಲ್ಲಿ ಪ್ರಕಟವಾದ ಮೇಲೆ, ಒಂದೇ ಡ್ರೈವ್ ಅಂತಹ ಹಲವು ಸಾಟಾ ಡ್ರೈವ್‌ಗಳ ಕೆಲಸವನ್ನು ಮಾಡುವಂತಾಯಿತು.

ಹಳೆಯ ಚಿಂತೆಯಾದರೋ ಮಾಯವಾಗಲಿಲ್ಲ. ಒಂದು ಡ್ರೈವ್ ವರ್ಷದೊಳಗೆ ಕೆಡುವ ಸಂಭವವು ಶೇಕಡ 2 ಎಂದು ಉದಾಹರಣೆಗೆ ಇಟ್ಟುಕೊಂಡರೆ, ರೇಡ್ ಸೊನ್ನೆಯಲ್ಲಿ ನಾಲ್ಕನ್ನು ಜೋಡಿಸಿದಾಗ ಸರ್ವನಾಶದ ಸಂಭವವು ಶೇಕಡ 7.8ರಷ್ಟಾಗುತ್ತದೆ. ಇದಲ್ಲದೆ ಫ್ಲ್ಯಾಷ್ ಸ್ಮೃತಿಯು ಬರೆದಂತೆಲ್ಲ ಸವೆಯುವಂಥದು. ಆಸರೆಯುಳ್ಳ ಗುಂಪಿನಲ್ಲಿಯೂ ಎಲ್ಲ ಡ್ರೈವ್‌ಗಳ ಮೇಲೆ ಸಮನಾಗಿ ಬರೆದರೆ ಅವು ಸಮನಾಗಿ ಮುಪ್ಪಾಗಿ ಹೆಚ್ಚುಕಡಮೆ ಒಟ್ಟಿಗೇ ಕೆಡಬಹುದೆಂಬುದನ್ನು 2010ರಲ್ಲಿ ಮಹೇಶ್ ಬಾಲಕೃಷ್ಣನ್ ಮೊದಲಾದ ಸಂಶೋಧಕರು ತೋರಿಸಿ, ಡ್ರೈವ್‌ಗಳು ಬೇರೆ ಬೇರೆ ಗತಿಯಲ್ಲಿ ಸವೆಯುವಂತೆ ಬರವಣಿಗೆಯನ್ನು ಹಂಚುವ ಕ್ರಮವೊಂದನ್ನು ಸೂಚಿಸಿದರು. ಕಾಂತತಟ್ಟೆಗಾಗಿ ಹುಟ್ಟಿದ ಆಸರೆಯನ್ನು ಹೊಸ ವಸ್ತುವಿನ ಸ್ವಭಾವಕ್ಕೆ ತಕ್ಕಂತೆ ತಿದ್ದಬೇಕಾಯಿತೆಂಬುದು ಇಲ್ಲಿ ಗಮನಾರ್ಹ.

ಈ ಚರಿತ್ರೆಯಿಂದ ನಾವು ತಿಳಿಯತಕ್ಕದ್ದು ಇಷ್ಟು. ಮತ್ತೆ ಲೆಕ್ಕ ಹಾಕಿ ಪಡೆಯಬಹುದಾದ ತಾತ್ಕಾಲಿಕ ಮಾಹಿತಿಗೆ ರೇಡ್ ಸೊನ್ನೆಯ ವೇಗವು ಉಪಯುಕ್ತ. ಆದರೆ ಹಳ್ಳಿಯ ಮುದುಕರ ಬಾಯಿಂದ ದಾಖಲಿಸಿದ ಹಾಡಾಗಲಿ, ಈಗ ಕಣ್ಮರೆಯಾಗಿರುವ ಶಾಸನದ ಛಾಯಾಚಿತ್ರವಾಗಲಿ ಒಮ್ಮೆ ಹೋದರೆ ಹೋದುದೇ. ನಕಲುಪ್ರತಿಯ ಜೋಡಣೆ ಕೂಡ ಅಂಥವುಗಳಿಗೆ ಪೂರ್ಣ ರಕ್ಷೆಯಲ್ಲ. ತಪ್ಪಿ ಅಳಿಸಿದುದು ಎರಡು ಕಡೆಯೂ ಅಳಿಯುತ್ತದೆ. ಬೇರೊಂದು ಸ್ಥಳದಲ್ಲಿ ಬೇರೊಂದು ಪ್ರತಿಯಿರಬೇಕು. ವೇಗವನ್ನು ಬಯಸುವ ಸಂಶೋಧಕರು 1988ರ ಪ್ರಬಂಧದ ಮೊದಲರ್ಧವನ್ನು ಮಾತ್ರ ಅನುಸರಿಸಿ ಉತ್ತರಾರ್ಧವನ್ನು ಕೈಬಿಡಬಾರದೆಂಬುದೇ ನಮ್ಮ ವಿನಂತಿ.