ಶರಣಾಗತ ರಕ್ಷಣೆಯೂ ಜಾರ್ಜ್ ಫೆರ್ನಾಂಡಿಸರೂ

ನಮ್ಮ ಸುಳ್ಯ ಸೀಮೆಯಲ್ಲಿ ಬೆಳಗಿನ ನಸುಕಿನಲ್ಲಿ ಸಂಚರಿಸುವವರು ರಬ್ಬರು ತೋಟಗಳಲ್ಲಿ ಮರದಿಂದ ಮರಕ್ಕೆ ನಡೆಯುತ್ತ ಟ್ಯಾಪಿಂಗ್ ಮಾಡುವ ಕೆಲಸಗಾರರನ್ನು ಕಂಡೇ ಇರುವರು. ಅವರಲ್ಲಿ ಅನೇಕರ ಮನೆಮಾತು ತಮಿಳು. ಅವರ ಹಿರಿಯರು ಬಂದುದು ಸಿಂಹಳದ್ವೀಪದಿಂದ. ಆಂಗ್ಲರು ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿ ಮತ್ತು ಚಹಾ ತೋಟಗಳಿಗಾಗಿ ತಮಿಳುನಾಡಿನಿಂದ ಕರೆದೊಯ್ದ ಕೂಲಿಕಾರರ ಸಂತತಿಯವರು ಇವರು. ೧೯೬೪ನೆಯ ಅಕ್ಟೋಬರ್ ೩೦ರಂದು ಶ್ರೀ ಲಾಲಬಹಾದೂರ ಶಾಸ್ತ್ರಿಗಳೂ ಶ್ರೀಮತಿ ಸಿರಿಮಾವೋ ಬಂಡಾರನಾಯಕೆಯವರೂ ಮಾಡಿಕೊಂಡ ಒಪ್ಪಂದದಂತೆ, ಪೌರತ್ವವಿಲ್ಲದಿದ್ದ ೯,೭೫,೦೦೦ ಮಂದಿಯಲ್ಲಿ ೫,೨೫,೦೦೦ ಮಂದಿ ಭಾರತಕ್ಕೂ ೩,೦೦,೦೦೦ ಮಂದಿ ಸಿಂಹಳಕ್ಕೂ ಸಲ್ಲತಕ್ಕದ್ದೆಂದು ನಿರ್ಣಯವಾಯಿತು. ಉಳಿದ ೧,೫೦,೦೦೦ ಮಂದಿಯನ್ನು ೧೯೭೪ರಲ್ಲಿ ಎರಡು ಸರಕಾರಗಳೂ ಸರಿಯಾಗಿ ಅರ್ಧರ್ಧ ಹಂಚಿಕೊಂಡವು. ಹೀಗೆ ಬಂದವರಲ್ಲಿ ಕೆಲವು ಕುಟುಂಬಗಳು ಸರಕಾರದ ರಬ್ಬರು ತೋಟಗಳ ಆಶ್ರಯದಲ್ಲಿ ನಮ್ಮ ನೆರೆಯವರಾದುವು.

ಈ ಲೇಖಕನು ಅಧ್ಯಾಪಕವೃತ್ತಿಯಲ್ಲಿದ್ದಾಗ ಒಂದು ದಿನ ಭೂಪಟವನ್ನು ಗೋಡೆಗೆ ತೂಗುಹಾಕಿ, ತಮ್ಮ ತಮ್ಮ ಊರನ್ನು ತೋರಿಸಿರೆಂದು ಮಕ್ಕಳಿಗೆ ಹೇಳಿದನು. ತೋಟದ ವಸತಿಯಿಂದ ಬರುತ್ತಿದ್ದ ಬಾಲಕನೊಬ್ಬನು ಕೋಲನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತು, “ಮಾಷ್ಟ್ರೇ, ನಮ್ಮ ಊರು ಯಾವುದು?” ಎಂದು ಕೇಳಿದನು. ತರಗತಿಯು ನಕ್ಕಿತು, ನನಗೆ ಉತ್ತರ ಹೊಳೆಯಲಿಲ್ಲ. ನೆಲೆ ತಪ್ಪಿ ಬಂದವನಿಗೆ ನೆಲೆ ಕೊಡುವ ಹೊಣೆ ಯಾರದು, ಅದು ದಯೆಯೋ ನ್ಯಾಯವೋ ಎಂಬ ಪ್ರಶ್ನೆಯು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ನಮ್ಮ ಜಿಲ್ಲೆಯಲ್ಲಿಯೇ ಹುಟ್ಟಿ, ಬಹುಕಾಲ ವಿರೋಧಪಕ್ಷದ ಪೀಠಗಳಲ್ಲಿ ಕುಳಿತು, ಈ ಪ್ರಶ್ನೆಯನ್ನು ತಮ್ಮ ಬಾಳಿನಲ್ಲಿಯೇ ಎದುರಿಸಿದ ಜಾರ್ಜ್ ಫೆರ್ನಾಂಡಿಸರ ಚರಿತ್ರೆಯನ್ನು ಆ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ಪೂರ್ವಿಕರ ಅಭಿಪ್ರಾಯವನ್ನು ನೋಡೋಣ. ವಿಭೀಷಣನು ಅಭಯವನ್ನು ಬೇಡಿ ಬಂದಾಗ ಶ್ರೀರಾಮನು ಒಡನೆಯೇ ಒಪ್ಪಿಕೊಳ್ಳಲಿಲ್ಲ, ಸಭೆಯನ್ನು ಕೇಳಿದನು. ಶತ್ರುವಿನ ತಮ್ಮನನ್ನು ನಂಬಬಾರದೆಂದು ಸುಗ್ರೀವನು ವಾದಿಸಿದನು. ಸ್ವೀಕರಿಸಬಹುದೆಂದು ಹನುಮಂತನು ಹೇಳಿದನು. ಎಲ್ಲರ ಮಾತನ್ನೂ ಆಲಿಸಿದ ಮೇಲೆ ರಾಮನು, ತನ್ನನ್ನು ಬೇಟೆಯಾಡಲು ಬಂದ ವ್ಯಾಧನನ್ನೇ ಸತ್ಕರಿಸಿದ ಕಪೋತದ ಕಥೆಯನ್ನು ನೆನಪಿಸಿ, ಅಭಯದಾನವು ತನ್ನ ವ್ರತವೆಂದು ಸಾರಿದನು. ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಆಶ್ರಯವು ಸಭೆಯಲ್ಲಿ ಚರ್ಚೆಯಾಗತಕ್ಕ ರಾಜಕಾರ್ಯವೆಂಬುದು ಒಂದು. ಬಂದವನ ಯೋಗ್ಯತೆಗಿಂತಲೂ ಕೊಡುವವನ ಧರ್ಮವೇ ಅದಕ್ಕೆ ಆಧಾರವೆಂಬುದು ಇನ್ನೊಂದು. ಆದರೆ ವ್ರತವು ವ್ಯಕ್ತಿಯನ್ನು ಆಶ್ರಯಿಸಿದೆ. ವ್ರತಸ್ಥನಾದ ರಾಜನಿಲ್ಲದ ಕಾಲದಲ್ಲಿ ಶರಣಾಗತನ ಗತಿಯೇನು?

ಈ ಕೊರತೆಯನ್ನು ಶಾಸನದಿಂದ ತುಂಬುವ ಪ್ರಯತ್ನವು ಎರಡನೆಯ ಮಹಾಯುದ್ಧದ ತರುವಾಯ ಯೂರೋಪಿನಲ್ಲಿ ನಡೆಯಿತು. ೧೯೪೮ರ ಮಾನವ ಹಕ್ಕುಗಳ ವಿಶ್ವಘೋಷಣೆಯ ೧೪ನೆಯ ವಿಧಿಯು, ಹಿಂಸೆಗೊಳಗಾದವನು ಪರದೇಶದಲ್ಲಿ ಆಶ್ರಯವನ್ನು ಅರಸಬಹುದೆಂದು ಹೇಳಿತು. ೧೯೫೧ರ ಜಿನೀವಾ ಒಡಂಬಡಿಕೆಯು ನಿರಾಶ್ರಿತನು ಯಾರೆಂಬುದನ್ನು ನಿರ್ವಚಿಸಿತು. ಅದರ ಕಾಲಪರಿಮಿತಿಯನ್ನೂ ದೇಶಪರಿಮಿತಿಯನ್ನೂ ೧೯೬೭ರ ಪೂರಕ ಒಪ್ಪಂದವು ತೆಗೆದುಹಾಕಿತು. ಭಾರತವು ಇವೆರಡಕ್ಕೂ ಸಹಿ ಹಾಕಿಲ್ಲ. ಹಾಗೆಂದು ನಮ್ಮ ದೇಶವು ಬಾಗಿಲು ಮುಚ್ಚಿತೆನ್ನಲಾಗದು. ೧೯೫೯ನೆಯ ಮಾರ್ಚಿಯಲ್ಲಿ ದಲಾಯಿ ಲಾಮಾ ಅವರು ಗಡಿ ದಾಟಿ ಬಂದಾಗ ಆಶ್ರಯ ದೊರೆಯಿತು. ನಮ್ಮದೇ ರಾಜ್ಯದ ಬೈಲುಕುಪ್ಪೆಯಲ್ಲಿಯೂ ತರುವಾಯ ಮುಂಡಗೋಡಿನಲ್ಲಿಯೂ ಟಿಬೆಟ್ಟಿನವರು ನೆಲೆಸಿದರು. ಆದರೆ ಇವೆಲ್ಲವೂ ಸರಕಾರದ ಅನುಗ್ರಹದಿಂದ ಆದುವೇ ಹೊರತು ಶಾಸನದ ಬಲದಿಂದ ಅಲ್ಲ.

ಜಾರ್ಜ್ ಫೆರ್ನಾಂಡಿಸರು ೧೯೩೦ನೆಯ ಜೂನ್ ೩ರಂದು ಮಂಗಳೂರಿನಲ್ಲಿ ಜನಿಸಿದರು. ಪಾದ್ರಿಯಾಗಲೆಂದು ಹದಿನಾರನೆಯ ವಯಸ್ಸಿನಲ್ಲಿ ಬೆಂಗಳೂರಿನ ಸೆಮಿನರಿಗೆ ಕಳುಹಿಸಲ್ಪಟ್ಟ ಈ ತರುಣನು, ಅಲ್ಲಿಯ ಬೋಧನೆಗೂ ಆಚರಣೆಗೂ ನಡುವೆ ಕಂಡ ಅಂತರದಿಂದ ಬೇಸತ್ತು ಹೊರಬಂದನು; ಮುಂಬಯಿಯಲ್ಲಿ ಕೂಲಿಕಾರರ ಸಂಘಟನೆಗೆ ತೊಡಗಿದನು. ೧೯೬೭ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಪ್ರಬಲರಾದ ಎಸ್. ಕೆ. ಪಾಟೀಲರನ್ನು ಸೋಲಿಸಿ ಲೋಕಸಭೆಯನ್ನು ಪ್ರವೇಶಿಸಿದ ಅವರು, ಮುಂದೆ ಒಟ್ಟು ಒಂಬತ್ತು ಬಾರಿ ಆ ಸಭೆಗೆ ಆರಿಸಿ ಬಂದರು. ಅವರ ರಾಜಕೀಯ ಗುರುಗಳು ಬರ್ಲಿನ್ನಿನಲ್ಲಿ ವ್ಯಾಸಂಗ ಮಾಡಿದ ಡಾಕ್ಟರ್ ರಾಮಮನೋಹರ ಲೋಹಿಯಾ. ೧೯೫೦ರಲ್ಲಿ ಚೀನವು ಟಿಬೆಟ್ಟನ್ನು ಆಕ್ರಮಿಸಿದಾಗ ಅದನ್ನು ಶಿಶುಹತ್ಯೆಯೆಂದು ಕರೆದವರು ಅವರೇ. ಟಿಬೆಟ್ಟಿನ ವಿಚಾರವನ್ನು ಶಿಷ್ಯರು ಗುರುಗಳಿಂದ ದಾಯವಾಗಿ ಪಡೆದು, ಸಂಸತ್ತಿನ ಒಳಗೂ ಹೊರಗೂ ದಶಕಗಳ ಕಾಲ ಎತ್ತಿ ಹಿಡಿದರು.

ಆಶ್ರಯವನ್ನು ಕುರಿತು ಮಾತನಾಡುವವನು ಒಮ್ಮೆ ತಾನೇ ಆಶ್ರಯವನ್ನು ಬೇಡುವ ಸ್ಥಿತಿಗೆ ಬಂದರೆ ಆ ಮಾತಿಗೆ ಬೇರೆ ತೂಕ ಬರುತ್ತದೆ. ೧೯೭೪ನೆಯ ಮೇ ತಿಂಗಳಲ್ಲಿ ರೈಲ್ವೆ ನೌಕರರ ಮಹಾ ಮುಷ್ಕರವನ್ನು ನಡೆಸಿದ ಫೆರ್ನಾಂಡಿಸರು, ೧೯೭೫ನೆಯ ಜೂನ್ ೨೫ರಂದು ತುರ್ತು ಪರಿಸ್ಥಿತಿ ಘೋಷಿತವಾದೊಡನೆ ತಲೆಮರೆಸಿಕೊಂಡರು; ಸುಮಾರು ಒಂದು ವರ್ಷ ಕಾಲ ವೇಷಾಂತರದಿಂದ ಊರಿಂದೂರಿಗೆ, ಮನೆಯಿಂದ ಮನೆಗೆ ಸಂಚರಿಸಿ, ೧೯೭೬ನೆಯ ಜೂನ್ ೧೦ರಂದು ಕಲಕತ್ತೆಯಲ್ಲಿ ಸೆರೆಸಿಕ್ಕಿದರು. ಆಗ ಅವರ ಪ್ರಾಣಕ್ಕೆ ಅಪಾಯವಾಗಬಾರದೆಂದು ಯೂರೋಪಿನ ಸಮಾಜವಾದಿ ನಾಯಕರು ದೆಹಲಿಗೆ ಒತ್ತಾಯದ ಸಂದೇಶ ಕಳುಹಿಸಿದರು. ಜರ್ಮನಿಯ ವಿಲ್ಲಿ ಬ್ರಾಂಟ್, ಆಸ್ಟ್ರಿಯದ ಪ್ರಧಾನಿ ಬ್ರೂನೋ ಕ್ರೈಸ್ಕಿ ಇವರು ಅವರಲ್ಲಿ ಪ್ರಮುಖರು. ಇವರೇ ಏಕೆ ಮರುಗಿದರೆಂಬುದನ್ನು ವಾಚಕರು ವಿಚಾರಮಾಡಬೇಕು. ಬ್ರಾಂಟರು ೧೯೩೩ರಲ್ಲಿ ಹಿಟ್ಲರನಿಗೆ ಹೆದರಿ ನಾರ್ವೆಗೂ ಅಲ್ಲಿಂದ ಸ್ವೀಡನ್ನಿಗೂ ಓಡಿಹೋಗಿದ್ದವರು; ಕ್ರೈಸ್ಕಿಯವರು ೧೯೩೮ರಲ್ಲಿ ಸ್ವೀಡನ್ನಿನ ಆಶ್ರಯವನ್ನು ಪಡೆದವರು. ಪರರ ಮನೆಯ ಅನ್ನವನ್ನುಂಡು ಬದುಕಿ ಉಳಿದವರು ಪರದೇಶದ ಸೆರೆಯಾಳಿಗಾಗಿ ದನಿಯೆತ್ತಿದರು. ನಮ್ಮ ಯೂರೋಪು ಸಂಬಂಧವೆಂದರೆ ವ್ಯಾಪಾರವೂ ಸಾಲವೂ ಮಾತ್ರವೆಂದು ತಿಳಿದವರು ಈ ಪ್ರಸಂಗವನ್ನು ಮರೆಯಬಾರದು.

ಆದರೆ ಯೂರೋಪಿನಲ್ಲಿ ಸ್ನೇಹಿತರಿಲ್ಲದವರ ಪಾಡೇನಾಯಿತು? ಇಲ್ಲಿ ಕನ್ನಡ ಕಲಾಲೋಕವು ಎಂದಿಗೂ ಮರೆಯಲಾಗದ ಒಂದು ಹೆಸರನ್ನು ಹೇಳಲೇಬೇಕು. ಪಟ್ಟಾಭಿರಾಮ ರೆಡ್ಡಿಯವರು ೧೯೭೦ರಲ್ಲಿ ತೆಗೆದ ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯ ಪಾತ್ರವನ್ನು ವಹಿಸಿದವರು ಅವರ ಪತ್ನಿ ಸ್ನೇಹಲತಾ ರೆಡ್ಡಿ. ಮದರಾಸಿನ ಸೆನ್ಸಾರ್ ಮಂಡಳಿಯು ಮೊದಲು ತಡೆಹಿಡಿದ ಆ ಚಿತ್ರಕ್ಕೇ ರಾಷ್ಟ್ರಪತಿಗಳ ಸ್ವರ್ಣಪದಕವು ದೊರೆಯಿತು. ಫೆರ್ನಾಂಡಿಸರ ಗೆಳೆತನದ ನಿಮಿತ್ತದಿಂದ ಈ ಕಲಾವಿದೆಯನ್ನು ೧೯೭೬ನೆಯ ಮೇ ತಿಂಗಳಲ್ಲಿ ಬಂಧಿಸಿ, ವಿಚಾರಣೆಯಿಲ್ಲದೆ ಎಂಟು ತಿಂಗಳು ಬೆಂಗಳೂರಿನ ಸೆರೆಮನೆಯಲ್ಲಿಡಲಾಯಿತು. ಉಬ್ಬಸದಿಂದ ನರಳುತ್ತಿದ್ದ ಆಕೆಯನ್ನು ೧೯೭೭ನೆಯ ಜನವರಿ ೧೫ರಂದು ಪೆರೋಲಿನ ಮೇಲೆ ಬಿಟ್ಟರು. ೨೦ರಂದು ಆಕೆ ತೀರಿಕೊಂಡರು. ಶವಸಂಸ್ಕಾರವು ಯಾರ ಹೊಣೆಯೆಂದು ಅಗ್ರಹಾರವೆಲ್ಲ ಶಾಸ್ತ್ರಚರ್ಚೆಯಲ್ಲಿ ಮುಳುಗಿರಲು, ಯಾವ ಅಧಿಕಾರವೂ ಇಲ್ಲದ ಚಂದ್ರಿಯು ಆ ಕಾರ್ಯವನ್ನು ನೆರವೇರಿಸಿದಳೆಂಬುದು ಕಥೆ. ಜೀವನದಲ್ಲಿಯೂ ಆಕೆಯ ಪಾಲಿಗೆ ಬಂದ ಪಾತ್ರವು ಅದರಿಂದ ಬಹಳ ಬೇರೆಯಾಗಿರಲಿಲ್ಲ.

ಫೆರ್ನಾಂಡಿಸರು ಸೆರೆಯಲ್ಲಿದ್ದುಕೊಂಡೇ ೧೯೭೭ರಲ್ಲಿ ಬಿಹಾರದ ಮುಜಫರಪುರದಿಂದ ಮೂರು ಲಕ್ಷಕ್ಕೂ ಮಿಕ್ಕಿದ ಬಹುಮತದಿಂದ ಗೆದ್ದು ಮಂತ್ರಿಗಳಾದರು. ಪಡೆದ ರಕ್ಷಣೆಯ ಋಣವನ್ನು ಅವರು ತೀರಿಸಿದ ಬಗೆಯನ್ನು ದೆಹಲಿಯ ಕೃಷ್ಣ ಮೆನನ್ ಮಾರ್ಗದ ೩ನೆಯ ನಂಬ್ರದ ಬಂಗಲೆಯು ಹೇಳುತ್ತದೆ. ೧೯೮೮ನೆಯ ಆಗಸ್ಟಿನಲ್ಲಿ ಬರ್ಮಾದ ವಿದ್ಯಾರ್ಥಿಗಳು ಸೈನಿಕ ಸರಕಾರದ ವಿರುದ್ಧ ದಂಗೆಯೆದ್ದು, ಗುಂಡಿನ ಪೆಟ್ಟಿಗೆ ಚದರಿ ಗಡಿ ದಾಟಿ ಬಂದಾಗ, ಅವರಲ್ಲಿ ಕೆಲವರು ಈ ಸಂಸತ್ಸದಸ್ಯರ ಸರಕಾರಿ ಮನೆಯಲ್ಲಿಯೇ ವರ್ಷಗಟ್ಟಲೆ ವಾಸಿಸಿದರು. ಆ ಮನೆಗೆ ಗೇಟೇ ಇರಲಿಲ್ಲವೆಂಬುದು ದೆಹಲಿಯಲ್ಲಿ ಪ್ರಸಿದ್ಧವಾದ ಮಾತು. ಟಿಬೆಟ್ಟಿನವರು ಯಾವ ಹೊತ್ತಿಗೂ ಅಲ್ಲಿಗೆ ಬರುತ್ತಿದ್ದರು.

ಇಷ್ಟು ಹೇಳಿದ ಮೇಲೆ ದೋಷವನ್ನೂ ಹೇಳದಿದ್ದರೆ ಚರಿತ್ರೆಯು ಸ್ತೋತ್ರವಾದೀತು. ೧೯೭೯ನೆಯ ಜುಲೈಯಲ್ಲಿ ಮೊರಾರ್ಜಿ ದೇಸಾಯಿಯವರ ಸರಕಾರವನ್ನು ಸಭೆಯಲ್ಲಿ ಓಜಸ್ಸಿನಿಂದ ಸಮರ್ಥಿಸಿ, ಕೆಲವೇ ದಿನಗಳಲ್ಲಿ ಎದುರು ಪಕ್ಷವನ್ನು ಸೇರಿದ ಅವರ ನಡೆಯನ್ನು ಮಿತ್ರರೂ ಕ್ಷಮಿಸಲಿಲ್ಲ. ನಮ್ಮ ವಿಷಯಕ್ಕೆ ಸೇರಿದ ಲೋಪವು ಇದಕ್ಕಿಂತಲೂ ದೊಡ್ಡದು. ೧೯೯೮ರಿಂದ ೨೦೦೪ರ ವರೆಗೆ ಅಧಿಕಾರದಲ್ಲಿದ್ದ ಸರಕಾರದಲ್ಲಿ ಅವರು ಪ್ರಮುಖರು, ರಕ್ಷಣಾ ಮಂತ್ರಿಗಳು. ಆದರೂ ಆ ಕಾಲದಲ್ಲಿ ಶರಣಾಗತರನ್ನು ಕುರಿತ ಶಾಸನವೊಂದು ಹುಟ್ಟಲಿಲ್ಲ. ಮನೆಗೆ ಗೇಟಿಡದ ಮನುಷ್ಯನು ದೇಶದ ಬಾಗಿಲಿಗೆ ನಿಯಮವನ್ನು ಬರೆಯಿಸಲಿಲ್ಲ. ಅವರು ೨೦೧೯ನೆಯ ಜನವರಿ ೨೯ರಂದು ಕಾಲವಾದರು.

೧೯೯೬ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅರುಣಾಚಲದ ಚಕಮಾ ಜನರ ವ್ಯವಹಾರದಲ್ಲಿ, ಸಂವಿಧಾನದ ೨೧ನೆಯ ಅನುಚ್ಛೇದದ ಪ್ರಾಣರಕ್ಷಣೆಯು ಪೌರನಲ್ಲದವನಿಗೂ ಸಲ್ಲುವುದೆಂದು ತೀರ್ಪಿತ್ತಿತು. ೨೦೧೫ರಲ್ಲಿ ವಿರೋಧಪಕ್ಷದ ಶಶಿ ತರೂರರು ಆಶ್ರಯವನ್ನು ಕುರಿತ ಖಾಸಗಿ ಮಸೂದೆಯನ್ನು ಲೋಕಸಭೆಯ ಮುಂದಿಟ್ಟರು, ಅದು ಶಾಸನವಾಗಲಿಲ್ಲ. ೧೯೪೬ರ ವಿದೇಶೀಯರ ಶಾಸನದ ಸ್ಥಾನಕ್ಕೆ ೨೦೨೫ರಲ್ಲಿ ಹೊಸ ಶಾಸನವು ಬಂದಿದೆ. ಅದರಲ್ಲಿಯೂ ಶರಣಾಗತನಿಗೆ ಪ್ರತ್ಯೇಕವಾದ ಹಕ್ಕಿನ ಸ್ಥಾನವಿಲ್ಲ. ಹೀಗಾಗಿ ಇಂದಿಗೂ ನಮ್ಮಲ್ಲಿ ಬಂದವನ ಭಾಗ್ಯವು ಅವನು ಎಂತಹವರ ಮನೆಯ ಮುಂದೆ ನಿಂತನೆಂಬುದನ್ನೇ ಅವಲಂಬಿಸಿದೆ. ವ್ರತಸ್ಥನು ದೊರೆತರೆ ಬದುಕಿದನು, ಇಲ್ಲವಾದರೆ ಇಲ್ಲ. ವ್ರತವು ವ್ಯಕ್ತಿಯೊಡನೆ ಹೋಗುತ್ತದೆ, ಶಾಸನವು ಉಳಿಯುತ್ತದೆ. ಫೆರ್ನಾಂಡಿಸರ ಬಾಳಿನ ಹಿರಿಮೆಯೂ ಕೊರತೆಯೂ ಈ ಒಂದು ಮಾತಿನಲ್ಲಿ ಅಡಗಿವೆಯೆಂದು ನನ್ನ ಅಭಿಪ್ರಾಯ.

ಭೂಪಟದ ಮುಂದೆ ನಿಂತ ಆ ಬಾಲಕನು ಈಗ ಗೃಹಸ್ಥನು. ಮೊನ್ನೆ ಸುಳ್ಯದ ಪೇಟೆಯಲ್ಲಿ ಸಿಕ್ಕಿ ನಮಸ್ಕರಿಸಿ, ಮಗಳನ್ನು ಶಾಲೆಗೆ ಸೇರಿಸಿದೆನೆಂದು ಶುದ್ಧವಾದ ಕನ್ನಡದಲ್ಲಿ ಹೇಳಿದನು. “ಯಾವ ಊರೆಂದು ಬರೆಯಿಸಿದೆ?” ಎಂದು ನಾನು ಕೇಳಿದೆನು. “ಇದೇ ಊರು ಮಾಷ್ಟ್ರೇ, ಬೇರೆ ಯಾವುದು?” ಎಂದನು. ನಾನು ಕೊಡಲಾರದೆ ಹೋದ ಉತ್ತರವನ್ನು ಅವನೇ ಕೊಟ್ಟನು. ಅವನ ಹಿರಿಯರಿಗೆ ಒಪ್ಪಂದದ ಕಾಗದವಾದರೂ ಇತ್ತು. ಅದೂ ಇಲ್ಲದೆ ಬರುವವರಿಗೆ ಕೊಡಬೇಕಾದ ಉತ್ತರವು ನಮ್ಮ ಸಭೆಗಳ ಮುಂದೆ ಇನ್ನೂ ಹಾಗೆಯೇ ಉಳಿದಿದೆ.